ಇನ್‌ಡಿಸೈನ್ ಆಬ್ಜೆಕ್ಟ್ ಸ್ಟೈಲ್: 212 ದಾನಿಗಳು, ನಾಲ್ಕು ಬಾಕ್ಸ್

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಕೈಕೆಳಗೆ ಒಬ್ಬ ಹುಡುಗ. ಲಗ್ನಪತ್ರಿಕೆ, ಬಿಲ್ ಬುಕ್, ಬನಶಂಕರಿ ಜಾತ್ರೆಗೆ ನಾಟಕದ ಹ್ಯಾಂಡ್‌ಬಿಲ್, ಹೋಳಿಗೆ ಬಣ್ಣದ ಬಂಡಿಯ ಬ್ಯಾನರ್, ಬಂದದ್ದೆಲ್ಲ ಮಾಡುತ್ತೇವೆ. ಅವೆಲ್ಲ ಒಂದು ದಿನದ ಕೆಲಸ. ಜೀವ ಹಿಂಡುವುದು ಸ್ಮರಣ ಸಂಚಿಕೆ. ಗುಡಿಯ ಕಳಸಾರೋಹಣ ಇರಲಿ, ಸಂಘದ ಬೆಳ್ಳಿಹಬ್ಬ ಇರಲಿ, ಕೊನೆಗೆ ನೂರು ಪುಟದ ಒಂದು ಸಂಚಿಕೆ ಆಗಲೇಬೇಕು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದಾನಿಗಳ ಫೋಟೊ ಇರಲೇಬೇಕು.

ಹೋದ ಸಲ ಒಂದು ಗುಡಿಯ ಸಂಚಿಕೆ ಮಾಡಿದೆ. 212 ದಾನಿಗಳು. ಕಮಿಟಿಯವರ ರೇಟ್ ಹೀಗಿತ್ತು: ಐದು ಸಾವಿರ ಕೊಟ್ಟವರಿಗೆ ಪಾಸ್‌ಪೋರ್ಟ್ ಅಳತೆಯ ಫೋಟೊ, ಒಂದು ಪುಟಕ್ಕೆ ಹನ್ನೆರಡು ಜನ. ಹತ್ತು ಸಾವಿರಕ್ಕೆ ಅದಕ್ಕಿಂತ ಸ್ವಲ್ಪ ದೊಡ್ಡದು. ಇಪ್ಪತ್ತೈದು ಸಾವಿರಕ್ಕೆ ಕಾಲು ಪುಟ. ಐವತ್ತು ಸಾವಿರದ ಮೇಲಿನವರಿಗೆ ಅರ್ಧ ಪುಟ, ಸುತ್ತ ದಪ್ಪ ಗೆರೆ. ಕೇಳಲಿಕ್ಕೆ ಸುಲಭ ಅಲ್ವಾ? ಆದರೆ ದಾನದ ಲೆಕ್ಕ ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿಯವರೆಗೂ ಬದಲಾಗುತ್ತಲೇ ಇರುತ್ತದೆ. ದಿನಕ್ಕೊಮ್ಮೆ ಕಾರ್ಯದರ್ಶಿ ಬಂದು ನನ್ನ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು: "ಅಣ್ಣಾರ, ಇವರು ಇನ್ನೊಂದ ಹದಿನೈದ ಸಾವಿರ ಹಾಕ್ಯಾರ. ಇವರದ ಸ್ವಲ್ಪ ದೊಡ್ಡದ ಮಾಡ್ರಿ."

ಈ "ಸ್ವಲ್ಪ ದೊಡ್ಡದ ಮಾಡ್ರಿ" ಅನ್ನುವ ಮಾತಿಗೆ ನನಗೆ ಸಿಕ್ಕ ಔಷಧಿ ಆಬ್ಜೆಕ್ಟ್ ಸ್ಟೈಲ್, ಅಂದರೆ ಅಡೋಬಿ ಕಂಪನಿಯ ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಒಂದು ಬಾಕ್ಸಿನ ರೂಪವನ್ನು ಹೆಸರಿಟ್ಟು ಉಳಿಸಿಡುವ ಸೌಕರ್ಯ. ಇನ್‌ಡಿಸೈನ್ ಪೂರ್ತಿ ಸಾಫ್ಟ್‌ವೇರ್ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ, ಅದಕ್ಕೆ ನೂರು ವಿಡಿಯೊ ಇವೆ. ಈ ಒಂದು ಪ್ಯಾನಲ್ ಬಗ್ಗೆ ಮಾತ್ರ. ನಮ್ಮ ಕಡೆ ಇನ್‌ಡಿಸೈನ್ ಇಟ್ಟುಕೊಂಡವರಲ್ಲೂ ಬಹಳ ಜನ ಇದನ್ನು ತೆಗೆದೇ ನೋಡಿಲ್ಲ, ಅಕ್ಷರದ ಅಳತೆ, ಬಣ್ಣ ಹಿಡಿದಿಡುವ ಪ್ಯಾರಾಗ್ರಾಫ್ ಸ್ಟೈಲ್‌ಗೆ ಬಂದು ನಿಂತುಬಿಟ್ಟಿದ್ದಾರೆ.

ನಾನು ಕೆಲಸ ಕಲಿತದ್ದು ಇನ್‌ಡಿಸೈನ್‌ಗಿಂತ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಆದರೂ ನುಡಿ ಫಾಂಟ್ ಹಾಕಿಕೊಂಡು ಅದರಲ್ಲೇ ಪುಸ್ತಕ ಮಾಡುವ ಅಂಗಡಿಗಳು ಇನ್ನೂ ಇವೆ. ಅದರಲ್ಲಿ ಅಕ್ಷರಕ್ಕೆ ಸ್ಟೈಲ್ ಇತ್ತು, ಬಾಕ್ಸಿಗೆ ಇರಲಿಲ್ಲ. ಒಂದು ಬಾಕ್ಸ್ ಚೆಂದ ಮಾಡಿ, ಕಾಪಿ ಹೊಡೆದು, ಪೇಸ್ಟ್ ಮಾಡುತ್ತಾ ಹೋಗಬೇಕು. ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಬಂದು "ಈ ಗೆರಿ ಸ್ವಲ್ಪ ತೆಳ್ಳಗ ಇದ್ರ ಚಲೋ ಕಾಣತಿತ್ತು" ಅಂದರೆ ಮುಗಿಯಿತು. ಒಂದೊಂದೇ ಬಾಕ್ಸ್ ಕ್ಲಿಕ್ ಮಾಡು, ಗೆರೆ ಬದಲಿಸು. ಎಷ್ಟೇ ಕಣ್ಣಿಟ್ಟು ಮಾಡಿದರೂ ಎರಡು ಮೂರು ಬಾಕ್ಸ್ ಉಳಿದೇ ಉಳಿಯುತ್ತಿದ್ದವು, ಅವು ಕಾಣುತ್ತಿದ್ದದ್ದು ಪ್ರಿಂಟ್ ಆಗಿ ಬಂದ ಮೇಲೆ.

ಆಬ್ಜೆಕ್ಟ್ ಸ್ಟೈಲ್ ಇನ್‌ಡಿಸೈನ್‌ಗೆ ಬಂದದ್ದು 2005ರ ಸಿಎಸ್2 ಆವೃತ್ತಿಯಲ್ಲಿ. ಅಂದರೆ ಹೊಸದೇನೂ ಅಲ್ಲ. ವಿಂಡೋ ಮೆನುವಿನಲ್ಲಿ ಸ್ಟೈಲ್ಸ್ ಒಳಗೆ ಸಿಗುತ್ತದೆ, ಇಲ್ಲವೇ ಕಂಟ್ರೋಲ್ ಹಿಡಿದು ಎಫ್7 ಒತ್ತಿ. ಒಂದು ಬಾಕ್ಸ್ ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಿ: ಒಳಗಿನ ಬಣ್ಣ, ಗೆರೆಯ ದಪ್ಪ, ಮೂಲೆ ಗುಂಡಗೋ ಚೂಪೋ, ನೆರಳು, ಅಕ್ಷರಕ್ಕೂ ಗೆರೆಗೂ ನಡುವಿನ ಜಾಗ, ಪಕ್ಕದ ಅಕ್ಷರ ಎಷ್ಟು ದೂರ ಸರಿಯಬೇಕು, ಎಲ್ಲ. ಆಮೇಲೆ ಅದನ್ನು ಆರಿಸಿ ಹೊಸ ಸ್ಟೈಲ್ ಮಾಡಿ ಹೆಸರು ಕೊಡಿ. ಮುಂದೆ ಯಾವ ಬಾಕ್ಸ್ ಆರಿಸಿ ಆ ಹೆಸರು ಒತ್ತಿದರೂ ಅದೇ ವೇಷ. ಮತ್ತೆ ಸ್ಟೈಲ್ ಒಳಗೆ ಹೋಗಿ ಗೆರೆ ತೆಳ್ಳಗೆ ಮಾಡಿದರೆ ಆ ಸ್ಟೈಲ್ ಇದ್ದ ಎಲ್ಲ ಬಾಕ್ಸುಗಳ ಗೆರೆಯೂ ತೆಳ್ಳಗೆ.

ಇಷ್ಟು ಎಲ್ಲರೂ ಹೇಳುತ್ತಾರೆ. ನಿಜವಾದ ಮಜಾ ಇರುವುದು 'ಬೇಸ್ಡ್ ಆನ್' ಅನ್ನುವ ಜಾಗದಲ್ಲಿ. ನಾನು ಮೊದಲು 'ದಾನಿ' ಅಂತ ಒಂದು ತಾಯಿ ಸ್ಟೈಲ್ ಮಾಡಿದೆ. ಅರ್ಧ ಪಾಯಿಂಟ್ ಕುಂಕುಮ ಬಣ್ಣದ ಗೆರೆ, ಎರಡು ಮಿಲಿಮೀಟರ್ ಗುಂಡು ಮೂಲೆ. ಅದರ ಮೇಲೆ ನಾಲ್ಕು ಮಕ್ಕಳು: ಡಿ5, ಡಿ10, ಡಿ25, ಡಿ50. ಮಕ್ಕಳಲ್ಲಿ ಅಳತೆ ಮಾತ್ರ ಬೇರೆ, ಉಳಿದದ್ದೆಲ್ಲ ತಾಯಿಯದೇ. ಡಿ50ಗೆ ಮಾತ್ರ ಗೆರೆ ಎರಡು ಪಾಯಿಂಟ್ ದಪ್ಪ. ಅರ್ಧ ಕೆಲಸ ಮುಗಿದಾಗ ಕಮಿಟಿಯ ಹಿರಿಯರೊಬ್ಬರಿಗೆ ಗುಂಡು ಮೂಲೆ ಹಿಡಿಸಲಿಲ್ಲ. "ಮೊಬೈಲ್ ಇದ್ದಂಗ ಕಾಣತೈತಿ" ಅಂದರು. ತಾಯಿ ಸ್ಟೈಲ್‌ನಲ್ಲಿ ಮೂಲೆ ಚೂಪು ಮಾಡಿದೆ. ನಾಲ್ಕೂ ಅಳತೆಯ ಎಲ್ಲ ಬಾಕ್ಸುಗಳೂ ಒಟ್ಟಿಗೇ ಚೂಪಾದವು, ಡಿ50ರ ದಪ್ಪ ಗೆರೆ ಮಾತ್ರ ಹಾಗೇ ಉಳಿಯಿತು, ಯಾಕಂದರೆ ಅದು ಮಗುವಿನ ಸ್ವಂತದ್ದು. ಆ ಹಿರಿಯರಿಗೆ ಇದು ಹೇಗಾಯಿತು ಅಂತ ಗೊತ್ತಾಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇಷ್ಟು ಸಲೀಸು ಅಂತ ಗೊತ್ತಾದರೆ ಬಿಲ್ ಕಡಿಮೆ ಮಾಡು ಅಂತಾರೆ.

ಅಳತೆಯನ್ನೂ ಸ್ಟೈಲ್ ಒಳಗೆ ಇಡಬಹುದು ಅನ್ನುವುದು ಸ್ವಲ್ಪ ತಡವಾಗಿ ಬಂದ ಅನುಕೂಲ. 2017ರ ಅಕ್ಟೋಬರಿನಲ್ಲಿ ಬಂದ ಸಿಸಿ 2018 ಆವೃತ್ತಿಯಿಂದ 'ಸೈಜ್ ಆಂಡ್ ಪೊಸಿಷನ್' ಅನ್ನುವ ಭಾಗ ಸೇರಿದೆ. ಅಗಲ ಮಾತ್ರ, ಎತ್ತರ ಮಾತ್ರ, ಅಥವಾ ಎರಡೂ, ಬೇಕಾದದ್ದನ್ನು ಹಿಡಿದಿಡಬಹುದು. ಹಳೆಯ ಸಿಎಸ್6 ಇಟ್ಟುಕೊಂಡವರಿಗೆ ಇದು ಸಿಗುವುದಿಲ್ಲ. ನನ್ನ ದಾನಿಗಳ ಕೆಲಸಕ್ಕೆ ಇದೇ ಮುಖ್ಯ. ಐದು ಸಾವಿರದವರು ಹತ್ತು ಸಾವಿರಕ್ಕೆ ಏರಿದರೆ ಬಾಕ್ಸ್ ಆರಿಸಿ ಡಿ10 ಒತ್ತುವುದು, ಅಷ್ಟೇ. ಸ್ಟೈಲ್‌ಗೆ ಕೀಬೋರ್ಡ್ ಶಾರ್ಟ್‌ಕಟ್ ಕೂಡ ಕೊಡಬಹುದು, ಕಂಟ್ರೋಲ್ ಜೊತೆ ಬಲಗಡೆಯ ನಂಬರ್ ಪ್ಯಾಡಿನ 1, 2, 3, 4. ನಮ್ ಲಾಕ್ ಹಾಕಿರಬೇಕು. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಕೂತವರಿಗೆ ಈ ಸುಖ ಇಲ್ಲ, ಅವರು ಕಂಟ್ರೋಲ್ ಎಂಟರ್ ಒತ್ತಿ ಸ್ಟೈಲ್ ಹೆಸರು ಟೈಪ್ ಮಾಡಿ ಹುಡುಕಬೇಕು. ಅದಕ್ಕೇ ನಾನು ಸ್ಟೈಲ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಇಡುತ್ತೇನೆ. ಕನ್ನಡದಲ್ಲಿ ಇಟ್ಟರೆ ಪ್ರತಿ ಸಲ ಕೀಬೋರ್ಡ್ ಬದಲಿಸುವ ಕಿರಿಕಿರಿ.

ಹಾಗಂತ ಬಾಕ್ಸ್ ದೊಡ್ಡದಾದರೆ ಪಕ್ಕದವರು ತಾವಾಗಿಯೇ ಸರಿದು ಜಾಗ ಬಿಡುತ್ತಾರೆ ಅಂದುಕೊಳ್ಳಬೇಡಿ. ಬಿಡುವುದಿಲ್ಲ. ಹೊಸ ಬಾಕ್ಸ್ ಪಕ್ಕದವರ ಮುಖದ ಮೇಲೆ ಕೂರುತ್ತದೆ. ಉಳಿದವರನ್ನು ಕೈಯಿಂದಲೇ ಸರಿಸಬೇಕು, ಒಬ್ಬರು ಮುಂದಿನ ಪುಟಕ್ಕೆ ಹೋಗುತ್ತಾರೆ, ಅಲ್ಲಿಂದ ಇನ್ನೊಬ್ಬರು. ಇಷ್ಟು ವರ್ಷವಾದರೂ ಈ ವಿಷಯದಲ್ಲಿ ಇನ್‌ಡಿಸೈನ್ ನಮಗೆ ಏನೂ ಮಾಡಿಕೊಟ್ಟಿಲ್ಲ ಅನ್ನುವ ಸಿಟ್ಟು ನನಗಿದೆ.

ಇನ್ನು ಫೋಟೊ. ದಾನಿಗಳ ಫೋಟೊ ಬರುವುದು ವಾಟ್ಸಾಪ್‌ನಲ್ಲಿ. ಒಬ್ಬರದು ಸ್ಟುಡಿಯೊದ ಪಾಸ್‌ಪೋರ್ಟ್ ಫೋಟೊ, ಒಬ್ಬರದು ಹೊಲದಲ್ಲಿ ಟ್ರ್ಯಾಕ್ಟರ್ ಮುಂದೆ ನಿಂತದ್ದು, ಇನ್ನೊಬ್ಬರದು ಮದುವೆ ಊಟದ ಪಂಕ್ತಿಯಲ್ಲಿ ಅರ್ಧ ಬಾಯಿ ತೆರೆದದ್ದು. ಆಬ್ಜೆಕ್ಟ್ ಸ್ಟೈಲ್ ಒಳಗೆ 'ಫ್ರೇಮ್ ಫಿಟ್ಟಿಂಗ್' ಅಂತ ಒಂದು ಭಾಗ ಇದೆ. ಅದರಲ್ಲಿ ಫೋಟೊ ಬಾಕ್ಸ್ ತುಂಬುವಂತೆ, ಆದರೆ ಹಿಗ್ಗಿ ವಿಕಾರವಾಗದಂತೆ ಹೇಳಿಡಬಹುದು. ಮೊದಲ ಸಲ ಮಾಡಿದಾಗ ನಾನು ನಡುವಿನ ಚುಕ್ಕಿ ಹಿಡಿದು ಫಿಟ್ ಮಾಡು ಅಂತ ಬಿಟ್ಟಿದ್ದೆ. ಉದ್ದ ಫೋಟೊಗಳಲ್ಲಿ ಹೊಟ್ಟೆ ನಡುವೆ ಬಂತು, ತಲೆ ಮೇಲೆ ಕತ್ತರಿಸಿ ಹೋಯಿತು. ಒಂಬತ್ತು ಚುಕ್ಕಿಗಳಲ್ಲಿ ಮೇಲಿನ ಸಾಲಿನ ನಡುವಿನದನ್ನು ಹಿಡಿದರೆ ತಲೆ ಉಳಿಯುತ್ತದೆ, ಕತ್ತರಿಸುವುದಿದ್ದರೆ ಕಾಲ ಕಡೆ ಕತ್ತರಿಸುತ್ತದೆ. ಜೊತೆಗೆ 'ಆಟೋ ಫಿಟ್' ಟಿಕ್ ಮಾಡಿಟ್ಟರೆ ಆಮೇಲೆ ಬಾಕ್ಸ್ ಹಿಗ್ಗಿದಾಗ ಫೋಟೊವೂ ಹಿಗ್ಗುತ್ತದೆ. ಖಾಲಿ ಬಾಕ್ಸುಗಳಿಗೆ ಸ್ಟೈಲ್ ಹಾಕಿಟ್ಟುಕೊಂಡು, ಕಂಟ್ರೋಲ್ ಡಿ ಒತ್ತಿ ಹನ್ನೆರಡು ಫೋಟೊ ಒಟ್ಟಿಗೆ ಆರಿಸಿ, ಒಂದೊಂದು ಬಾಕ್ಸಿನ ಮೇಲೆ ಕ್ಲಿಕ್ ಮಾಡುತ್ತಾ ಹೋದರೆ ಚಹಾ ತಣ್ಣಗಾಗುವುದರೊಳಗೆ ಒಂದು ಪುಟ ಮುಗಿಯುತ್ತದೆ.

ಫೋಟೊದ ಕೆಳಗಿನ ಹೆಸರಿನ ಬಾಕ್ಸಿಗೆ ಬೇರೆಯೇ ಸ್ಟೈಲ್ ಮಾಡಿದ್ದೇನೆ. ಇದರಲ್ಲೂ ಒಂದು ಒಳ್ಳೆಯ ಸೌಕರ್ಯ ಇದೆ. ಬಾಕ್ಸ್ ಸ್ಟೈಲ್ ಒಳಗೇ ಪ್ಯಾರಾಗ್ರಾಫ್ ಸ್ಟೈಲ್ ಕೂಡಿಸಿ, 'ಅಪ್ಲೈ ನೆಕ್ಸ್ಟ್ ಸ್ಟೈಲ್' ಟಿಕ್ ಮಾಡಬಹುದು. ಮೊದಲ ಸಾಲು ಹೆಸರು, 13 ಪಾಯಿಂಟ್ ದಪ್ಪ. ಎರಡನೆಯದು ಹುದ್ದೆ, 10 ಪಾಯಿಂಟ್. ಮೂರನೆಯದು ಊರು, ಬೇರೆ ಬಣ್ಣ. ವಾಟ್ಸಾಪ್‌ನಿಂದ ಮೂರು ಸಾಲು ತಂದು ಸುರಿದು ಬಾಕ್ಸ್ ಸ್ಟೈಲ್ ಒತ್ತಿದರೆ ಮೂರೂ ಸಾಲು ತಮ್ಮ ತಮ್ಮ ಬಟ್ಟೆ ಹಾಕಿಕೊಂಡು ನಿಲ್ಲುತ್ತವೆ. ಪ್ಯಾರಾಗ್ರಾಫ್ ಸ್ಟೈಲ್‌ಗಳಲ್ಲಿ ಒಂದಾದ ಮೇಲೆ ಒಂದು ಯಾವುದು ಅಂತ ಮೊದಲೇ ಹೇಳಿಟ್ಟಿರಬೇಕು, ಅದನ್ನು ಮರೆತರೆ ಇದು ಕೆಲಸ ಮಾಡುವುದಿಲ್ಲ.

ಕನ್ನಡದವರು ಇಲ್ಲಿ ಇನ್ನೊಂದು ಸೇರಿಸಿಕೊಳ್ಳಬೇಕು. ಯೂನಿಕೋಡ್ ಕನ್ನಡ, ಅಂದರೆ ವಾಟ್ಸಾಪ್‌ನಲ್ಲಿ ಬರುವಂಥ ಕನ್ನಡ, ಇನ್‌ಡಿಸೈನ್‌ನಲ್ಲಿ ಸರಿಯಾಗಿ ಕೂರಬೇಕಾದರೆ ಅಕ್ಷರ ಜೋಡಿಸುವ 'ವರ್ಲ್ಡ್ ರೆಡಿ' ಕಂಪೋಸರ್ ಆರಿಸಿರಬೇಕು. ಇಲ್ಲದಿದ್ದರೆ 'ಧರ್ಮಪತ್ನಿ' ಅನ್ನುವ ಒಂದೇ ಪದದಲ್ಲಿ ಅರ್ಕಾವತ್ತೂ ಹೋಗುತ್ತದೆ, ನ ಒತ್ತೂ ಹೋಗುತ್ತದೆ. ಈ ಕಂಪೋಸರ್ ಪ್ಯಾರಾಗ್ರಾಫಿನ ಗುಣ. ಅದನ್ನು ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿಟ್ಟು, ಆ ಸ್ಟೈಲನ್ನು ಬಾಕ್ಸ್ ಸ್ಟೈಲ್ ಒಳಗಿಟ್ಟರೆ ಯಾರೇ ಬಂದು ಕೂತು ಕೆಲಸ ಮಾಡಲಿ, ಒತ್ತಕ್ಷರ ಒಡೆಯುವುದಿಲ್ಲ. ಮೊದಲು ಹೆಸರುಗಳನ್ನೆಲ್ಲ ಯೂನಿಕೋಡ್‌ನಿಂದ ನುಡಿಗೆ ಕನ್ವರ್ಟ್ ಮಾಡಿ, ಆಮೇಲೆ ಒಂದೊಂದೇ ತಿದ್ದುತ್ತಾ ಕೂರುತ್ತಿದ್ದೆ. ಆ ಕೆಲಸ ಈಗ ಇಲ್ಲ.

ಈಗ ಬೈಗುಳದ ಭಾಗ.

ಸ್ಟೈಲ್ ಡಬ್ಬಿ ತೆಗೆದರೆ ಎಡಗಡೆ ಒಂದು ಉದ್ದ ಪಟ್ಟಿ ಕಾಣುತ್ತದೆ. ಬಣ್ಣ, ಗೆರೆ, ನೆರಳು ಹೀಗೆ ಪ್ರತಿಯೊಂದರ ಮುಂದೆ ಒಂದು ಚೌಕ. ಇದರಲ್ಲಿ ಟಿಕ್ ಇದ್ದರೆ ಆ ಗುಣ ಸ್ಟೈಲ್‌ಗೆ ಸೇರಿದೆ. ಕೆಲವು ಕಡೆ, ಮುಖ್ಯವಾಗಿ ನೆರಳಿನಂಥ ಎಫೆಕ್ಟ್‌ಗಳಲ್ಲಿ, ಟಿಕ್ ಕೂಡ ಅಲ್ಲದ ಖಾಲಿಯೂ ಅಲ್ಲದ ಒಂದು ಅಡ್ಡಗೆರೆ ಅಥವಾ ಪುಟ್ಟ ಚೌಕ ಬರುತ್ತದೆ. ಖಾಲಿ ಅಂದರೆ 'ನೆರಳು ಬೇಡ, ಇದ್ದರೆ ತೆಗೆ'. ಆ ಮೂರನೆಯ ಗುರುತು ಅಂದರೆ 'ನೆರಳಿನ ವಿಷಯಕ್ಕೆ ಈ ಸ್ಟೈಲ್ ಬರುವುದಿಲ್ಲ, ಇದ್ದದ್ದು ಇರಲಿ'. ಈ ಎರಡರ ಫರಕು ತಿಳಿಯಲಿಕ್ಕೆ ನನಗೆ ಒಂದು ಪೂರ್ತಿ ಸಂಚಿಕೆ ಬೇಕಾಯಿತು. ನಮ್ಮ ಹುಡುಗ ಜಾಹೀರಾತು ಪುಟಗಳಲ್ಲಿ ಚೆಂದವಾಗಿ ನೆರಳು ಕೊಟ್ಟು ಮುಗಿಸಿದ್ದ. ನಾನು ಹೋಗಿ ಸುಮ್ನೆ ಗೆರೆ ಎಲ್ಲ ಕಡೆ ಒಂದೇ ತರ ಇರಲಿ ಅಂತ ಸ್ಟೈಲ್ ಒತ್ತಿದೆ, ಎಲ್ಲ ನೆರಳೂ ಮಾಯ. ಅವನು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇನ್ನೊಂದು, ಸ್ಟೈಲ್ ಹೆಸರಿನ ಮುಂದೆ ಬರುವ ಪ್ಲಸ್ ಗುರುತು. ಸ್ಟೈಲ್ ಹಾಕಿದ ಮೇಲೆ ಆ ಬಾಕ್ಸಿಗೆ ಯಾರೋ ಕೈಯಿಂದ ಏನೋ ಮಾಡಿದ್ದಾರೆ ಅಂತ ಅದರ ಅರ್ಥ. ಆಲ್ಟ್ ಹಿಡಿದು ಸ್ಟೈಲ್ ಹೆಸರು ಒತ್ತಿದರೆ ಆ ಕೈಕೆಲಸ ಅಳಿಸಿ ಮೂಲಕ್ಕೆ ಬರುತ್ತದೆ. ಆದರೆ ಏನು ಮಾಡಿದ್ದಾರೆ ಅಂತ ನೋಡದೆ ಅಳಿಸಬೇಡಿ. ಪ್ಯಾನಲ್ಲಿನಲ್ಲಿ ಸ್ಟೈಲ್ ಹೆಸರಿನ ಮೇಲೆ ಮೌಸ್ ಇಟ್ಟು ಒಂದು ಕ್ಷಣ ತಡೆದರೆ ಬದಲಾವಣೆ ಏನು ಅಂತ ಸಣ್ಣ ಪಟ್ಟಿ ತೋರಿಸುತ್ತದೆ.

ಏನೂ ಆರಿಸದೆ ಖಾಲಿ ಇದ್ದಾಗ ಪ್ಯಾನಲ್ಲಿನಲ್ಲಿ ಯಾವುದಾದರೂ ಸ್ಟೈಲ್ ಒತ್ತಿದರೆ ಅದೇ ಮುಂದಿನ ಎಲ್ಲ ಹೊಸ ಬಾಕ್ಸುಗಳ ಡಿಫಾಲ್ಟ್ ಆಗಿಬಿಡುತ್ತದೆ. ಯಾವ ಎಚ್ಚರಿಕೆಯೂ ಇಲ್ಲ. ಒಂದು ಮಧ್ಯಾಹ್ನ ಎಲ್ಲಿ ಬಾಕ್ಸ್ ಎಳೆದರೂ ಕುಂಕುಮ ಗೆರೆ, ಡಿ50ರ ದಪ್ಪ ಗೆರೆ. ಕಂಪ್ಯೂಟರ್‌ಗೆ ವೈರಸ್ ಹೊಕ್ಕಿದೆ ಅಂತ ಹುಡುಗ ತೀರ್ಮಾನ ಮಾಡಿಬಿಟ್ಟಿದ್ದ.

ಫೋಟೊ ಮತ್ತು ಹೆಸರನ್ನು ಗ್ರೂಪ್ ಮಾಡಿದರೆ ಇನ್ನೊಂದು ಪಜೀತಿ. ಗ್ರೂಪಿಗೆ ಸ್ಟೈಲ್ ಒತ್ತಿದರೆ ಒಳಗಿನ ಎಲ್ಲದಕ್ಕೂ ಅದೇ ಹತ್ತುತ್ತದೆ. ಫೋಟೊದ ಗೆರೆ ಹೆಸರಿಗೂ ಬರುತ್ತದೆ. ಅದಕ್ಕೇ ಕೊನೆಯವರೆಗೂ ನಾನು ಗ್ರೂಪ್ ಮಾಡುವುದೇ ಇಲ್ಲ.

ನನ್ನ ದೊಡ್ಡ ತಪ್ಪು ಮಾತ್ರ ಬೇರೆಯದು. ಹಿಂದಿನ ಸಂಚಿಕೆಯ ಫೈಲಿನಿಂದ ಎರಡು ಪುಟ ದಾನಿಗಳನ್ನು ಕಾಪಿ ಮಾಡಿ ಹೊಸ ಫೈಲಿಗೆ ಹಾಕಿದೆ, ಅವರೇ ಜನ, ಅವೇ ಫೋಟೊ. ಎರಡೂ ಫೈಲಿನಲ್ಲಿ ಸ್ಟೈಲ್ ಹೆಸರು ಒಂದೇ, ಆದರೆ ಹೊಸದರಲ್ಲಿ ಅಕ್ಷರ ಒಂದು ಪಾಯಿಂಟ್ ದೊಡ್ಡದು, ಒಳಗಿನ ಜಾಗವೂ ಜಾಸ್ತಿ. ಹೆಸರು ಒಂದೇ ಇದ್ದರೆ ಹೊಸ ಫೈಲಿನ ಮಾತೇ ನಡೆಯುತ್ತದೆ, ಹಳೆಯದು ಬಿದ್ದುಹೋಗುತ್ತದೆ. ಅಕ್ಷರ ಹಿಗ್ಗಿತು, ಕೊನೆಯ ಸಾಲು ಬಾಕ್ಸಿನ ಹೊರಗೆ ಅಡಗಿಕೊಂಡಿತು. ಆ ಕೊನೆಯ ಸಾಲು 'ಹಾಗೂ ಕುಟುಂಬ ವರ್ಗ'. ಕೆಳಗಡೆ ತಪ್ಪು ಹುಡುಕಿ ತೋರಿಸುವ ಪ್ರಿಫ್ಲೈಟ್‌ನ ಕೆಂಪು ಚುಕ್ಕಿ ಇದನ್ನು ಹೇಳುತ್ತಿತ್ತು, ಕೆಂಪು ಕಂಡು ಕಂಡು ಬೇಜಾರಾಗಿ ನಾನೇ ಅದನ್ನು ಆಫ್ ಮಾಡಿದ್ದೆ. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಪ್ರಿಂಟಿನಲ್ಲಿ ಕಾಣೆಯಾದವು. ಒಬ್ಬ ಕಾಕಾ ಅಂಗಡಿಗೇ ಬಂದು ಕೇಳಿದರು: "ರೊಕ್ಕ ನಾ ಒಬ್ಬನ ಕೊಟ್ಟೇನೇನಪಾ? ಮನ್ಯಾಗ ಹೆಂಗ್ ಮಾರಿ ತೋರಿಸ್ಲಿ?" ಸ್ಟಿಕರ್ ಮಾಡಿಸಿ ಕೂತು ಅಂಟಿಸಿದೆವು. ಅಂದಿನಿಂದ ಸ್ಟೈಲ್ ಹೆಸರಿನಲ್ಲಿ ವರ್ಷವನ್ನೂ ಸೇರಿಸುತ್ತೇನೆ.

ಚಿತ್ರ, ಲಗ್ನಪತ್ರಿಕೆ ಮಾಡುವ ಕೋರೆಲ್ ಸಾಫ್ಟ್‌ವೇರ್ ಇದೆಯಲ್ಲ ಅಂತ ಕೇಳುವವರಿಗೆ: ಇದೆ. ಕೋರೆಲ್‌ಡ್ರಾದಲ್ಲೂ ಆಬ್ಜೆಕ್ಟ್ ಸ್ಟೈಲ್ ಇದೆ, ಕಂಟ್ರೋಲ್ ಎಫ್5 ಒತ್ತಿ ನೋಡಿ. ಅಲ್ಲೂ ತಾಯಿ ಮಕ್ಕಳ ಲೆಕ್ಕ ಇದೆ. ಎರಡು ನಾಲ್ಕು ಪುಟದ ಕೆಲಸಕ್ಕೆ ನಾನೂ ಕೋರೆಲ್ಲೇ ತೆಗೆಯುತ್ತೇನೆ, ಲಗ್ನಪತ್ರಿಕೆಗೆ ಇನ್‌ಡಿಸೈನ್ ತೆಗೆಯುವವನು ಸೊಳ್ಳೆ ಹೊಡೆಯಲು ಒನಕೆ ಎತ್ತಿದ ಹಾಗೆ. ಆದರೆ ನೂರು ಪುಟ, ಹರಿಯುವ ಲೇಖನಗಳು, ಪುಟ ಸಂಖ್ಯೆ ಅಂದರೆ ಕೋರೆಲ್ ಏದುಸಿರು ಬಿಡುತ್ತದೆ. ಸ್ಕ್ರೈಬಸ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್ ಪುಕ್ಕಟೆ, 2024ರ ಜನವರಿಯಲ್ಲಿ 1.6 ಆವೃತ್ತಿ ಬಂದಿದೆ, ಪ್ಯಾರಾಗ್ರಾಫ್, ಅಕ್ಷರ, ಗೆರೆ, ಟೇಬಲ್ ಇವಕ್ಕೆಲ್ಲ ಸ್ಟೈಲ್ ಕೊಡುತ್ತದೆ, ಬಾಕ್ಸಿಗೆ ಕೊಡುವುದಿಲ್ಲ. ಬಾಕ್ಸುಗಳನ್ನು ಸ್ಕ್ರ್ಯಾಪ್‌ಬುಕ್‌ನಲ್ಲಿ ಇಟ್ಟುಕೊಂಡು ಎಳೆದು ಹಾಕಬಹುದು, ಆದರೆ ಹಾಕಿದ ಮೇಲೆ ಅವು ಮತ್ತೆ ನಮ್ಮ ಮಾತು ಕೇಳುವುದಿಲ್ಲ. ಪೇಜ್‌ಮೇಕರ್ ಕಾಲಕ್ಕೇ ವಾಪಸ್.

ದುಡ್ಡಿನ ಮಾತು. 2013ರಿಂದ ಅಡೋಬಿಯ ಹೊಸ ಆವೃತ್ತಿಗಳು ಬಾಡಿಗೆಗೆ ಮಾತ್ರ. ಕೆಲಸ ಇರಲಿ ಬಿಡಲಿ, ಕಟ್ಟುತ್ತಲೇ ಇರಬೇಕು. ಆಷಾಢದಲ್ಲಿ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಾಗ ಆ ಬಿಲ್ ನೋಡಿದರೆ ಹೊಟ್ಟೆ ಉರಿಯುತ್ತದೆ. ವರ್ಷಕ್ಕೆ ಎರಡು ಮೂರು ದೊಡ್ಡ ಪುಸ್ತಕದ ಕೆಲಸ ಇದ್ದರೆ ತಗೊಳ್ಳಿ, ಬರೀ ಲಗ್ನಪತ್ರಿಕೆ, ಬ್ಯಾನರ್ ಆದರೆ ಬೇಡ. ತಗೊಂಡ ಮೇಲೆ ಆಬ್ಜೆಕ್ಟ್ ಸ್ಟೈಲ್ ಕಲಿಯದೆ ಬಿಟ್ಟರೆ ಬಾಡಿಗೆ ಮನೆ ಹಿಡಿದು ಪಡಸಾಲೆಯಲ್ಲೇ ಮಲಗಿದ ಹಾಗೆ.

ಆ 212 ಜನರ ಸಂಚಿಕೆ ಪ್ರೆಸ್ಸಿಗೆ ಹೋಗುವ ದಿನ ಸಂಜೆ ಐದಕ್ಕೆ ಕಾರ್ಯದರ್ಶಿ ಫೋನ್ ಮಾಡಿದರು. ಒಬ್ಬ ದಾನಿ ಇಪ್ಪತ್ತೈದು ಸಾವಿರ ಅಂತ ಬರೆಸಿ ಐದೇ ಸಾವಿರ ಕೊಟ್ಟಿದ್ದಾರೆ, ಉಳಿದದ್ದು ಬಂದಿಲ್ಲ. "ಸದ್ಯಕ್ಕ ಸಣ್ಣ ಬಾಕ್ಸಿಗೆ ಇಳಿಸ್ರಿ ಅಣ್ಣಾರ." ಕಂಟ್ರೋಲ್ 1. ಉಳಿದ ಜಾಗಕ್ಕೆ ತೇರಿನ ಫೋಟೊ ಹಾಕಿದೆ. ಏಳಕ್ಕೆ ಮತ್ತೆ ಫೋನ್: "ರೊಕ್ಕ ಬಂತ್ ನೋಡ್ರಿ, ಮೊದಲಿನಂಗ ಮಾಡ್ರಿ." ತೇರು ತೆಗೆದೆ, ಕಂಟ್ರೋಲ್ 3. ಒಂಬತ್ತಕ್ಕೆ ಆ ದಾನಿಯೇ ಹೊಸ ಫೋಟೊ ಕಳಿಸಿದರು. ರೇಷ್ಮೆ ರುಮಾಲು, ಕಪ್ಪು ಕನ್ನಡಕ, ಹಿಂದೆ ಗೋಲಗುಂಬಜ್. ಹಳೆಯದರ ಮೇಲೆ ಹೊಸದನ್ನು ಹಾಕಿದೆ. ಗುಂಬಜ್ ಸ್ವಲ್ಪ ಕತ್ತರಿಸಿತು, ರುಮಾಲು ಪೂರ್ತಿ ಉಳಿಯಿತು.